ಹೊಟ್ಟೆ ಕಟ್ಟಿದ ಚಿಕ್ಕಮುನಿಯಮ್ಮ

ಚಿಕ್ಕಮುನಿಯಮ್ಮನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳ ಬಗ್ಗೆ ಬರೆಯಲು ಕೂತಿದ್ದೇನೆ ಎಂದ ಮಾತ್ರಕ್ಕೆ ಅವಳಿಗೆ ಆರತಿ ಎತ್ತುತ್ತೇನೆ ಎಂದು ಯಾರೂ ತಿಳಿಯಬಾರದು.

ದೊಮ್ಮಲೂರಿನ ಹಳೇ ಊರಿನ ಬೀದಿಯಲ್ಲಿ ಅವಳ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಹಲಸೂರಿನ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ತೊಂಬತ್ಮೂರರಲ್ಲಿ ಹೋದವಳು ಹನ್ನೊಂದು ವರ್ಷ ಅಲ್ಲೇ ಇದ್ದೆ. ಅಷ್ಟೂ ವರ್ಷದಲ್ಲಿ ಮುದುಕಿ ಒಂದು ಸಲವೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಎದುರಿಗೆ "ಟೀಚರಮ್ಮ", ಬೆನ್ನ ಹಿಂದೆ "ಆ ಒಣಕಲು". ಬೆಳಿಗ್ಗೆ ನನ್ನ ಬಕೆಟ್ ತುಂಬುವ ಮೊದಲೇ ಸಂಪಿನ ಮೋಟಾರು ನಿಲ್ಲಿಸುವುದು ಅವಳ ನಿತ್ಯವ್ರತ. ಬಾಡಿಗೆಯವರು ನೀರು ಕುಡಿಯುವುದಿಲ್ಲ, ಚೆಲ್ಲುತ್ತಾರೆ ಎನ್ನುವುದು ಅವಳ ಸಿದ್ಧಾಂತ. ಬೇರೆ ಮನೆ ನೋಡಬಹುದಿತ್ತಲ್ಲ ಎಂದು ಕೇಳುವವರಿಗೆ ಆ ಕಾಲದಲ್ಲಿ ಇಂದಿರಾನಗರದ ಅಕ್ಕಪಕ್ಕ ಬಾಡಿಗೆ ಎಷ್ಟಿತ್ತು ಎಂಬುದು ಗೊತ್ತಿಲ್ಲ.

ಈಗ ವರ್ತುಲ ರಸ್ತೆ ಹಾದು ಹೋಗಿರುವಲ್ಲಿ ಅವರ ಹೊಲ ಇತ್ತಂತೆ. ರಾಗಿ, ಅವರೆ, ಬಾವಿಯ ಪಕ್ಕದಲ್ಲಿ ಸೊಪ್ಪು. ಮದುವೆಯಾಗಿ ಬಂದ ಹೊಸತರಲ್ಲೇ ಸೊಪ್ಪಿನ ಕುಕ್ಕೆ ತಲೆಯ ಮೇಲೆ ಹೊತ್ತು ಹಲಸೂರು ಮಾರ್ಕೆಟ್ಟಿಗೆ ನಡೆದವಳು. ನಡೆದು ಹೋಗಿ, ಮಾರಿ, ನಡೆದು ಬಂದು ಮತ್ತೆ ಹೊಲಕ್ಕೆ ಇಳಿಯುತ್ತಿದ್ದಳು. ಅಂಥ ಮೈಗೆ ಎರಡು ಮುದ್ದೆ ಯಾವ ಲೆಕ್ಕ? ಹಿಟ್ಟು ತಿಂದವನು ಬೆಟ್ಟ ಕಿತ್ತಿಡುತ್ತಾನೆ ಅನ್ನುವ ಗಾದೆ ಅವಳ ಬಾಯಲ್ಲಿ ಸದಾ ಇರುತ್ತಿತ್ತು. ಆಮೇಲೆ ಹೊಲ ಲೇಔಟಿಗೆ ಹೋಯಿತು, ದುಡ್ಡು ಬಂತು, ಬಾಡಿಗೆ ಮನೆಗಳು ಎದ್ದವು, ಗಂಡ ತೀರಿಕೊಂಡ. ಕಿತ್ತಿಡಲು ಬೆಟ್ಟ ಉಳಿಯಲಿಲ್ಲ, ಮುದ್ದೆ ಮಾತ್ರ ಉಳಿಯಿತು. ಜಗಲಿಯ ಮೇಲೆ ಕೂತು ಬೀದಿಯವರನ್ನು ಬೈಯುವುದೇ ಕೆಲಸವಾದ ಮೇಲೆ ಮೈ ಬೆಳೆಯಿತು, ಮಂಡಿ ಸವೆಯಿತು, ಶುಗರ್ ಬಂತು. ತೊಂಬತ್ತಾರರ ಹೊತ್ತಿಗೆ ವಾಕರ್ ಇಲ್ಲದೆ ಅಂಗಳ ದಾಟಲಾಗದ ಸ್ಥಿತಿಗೆ ಬಂದಿದ್ದಳು.

ಅವಳ ಒಬ್ಬನೇ ಮಗ ಅಂಜನಮೂರ್ತಿಗೆ ಸಿಮೆಂಟಿನ ಅಂಗಡಿ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಮನೆ ಸೇರುವ ಮನುಷ್ಯ. ಅಂಗಡಿಯಲ್ಲಿ ಅಷ್ಟೇನೂ ವ್ಯಾಪಾರವಿರಲಿಲ್ಲ. ಅಮ್ಮನಿಗೂ ಹೆಂಡತಿಗೂ ನಡುವೆ ಸಿಕ್ಕಿಕೊಳ್ಳಬಾರದೆಂದೇ ಅವನು ಅಲ್ಲಿ ಕೂತಿರುತ್ತಿದ್ದ ಎಂದು ನನ್ನ ನಂಬಿಕೆ. ಹೆಂಡತಿ ಮುನಿರತ್ನಮ್ಮ, ಮನೆಯವರ ಬಾಯಲ್ಲಿ ರತ್ನ. ಹೊಸಕೋಟೆ ಕಡೆಯ ಹುಡುಗಿ. ಬಂದ ಕಾಲದಲ್ಲಿ ಅತ್ತೆ ಸಾಮಾನಿನ ಕೋಣೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳಂತೆ. ಮನೆಯವರೆಲ್ಲ ಉಂಡು, ಆಳುಗಳು ಉಂಡು, ಅತ್ತೆ ಎಲೆ ಅಡಿಕೆ ಹಾಕಿಕೊಂಡ ಮೇಲೆ ಸೊಸೆಯ ಊಟ. ಬಸುರಿಯಾದಾಗಲೂ ಅದೇ. ಅದನ್ನು ಮುನಿರತ್ನಮ್ಮ ಮರೆತಿರಲಿಲ್ಲ. ಮರೆಯುವ ಜಾತಿಯ ಹೆಂಗಸೂ ಅಲ್ಲ ಅವಳು. ಅತ್ತೆಯ ಕಾಲು ಸೋತದ್ದೇ ತಡ, ಬೀಗದ ಕೈ ಸೊಸೆಯ ಸೊಂಟಕ್ಕೆ ಬಂತು.

ಇನ್ನು ಆ ಬಚ್ಚಲುಮನೆಯ ವಿಷಯ. ಮುದುಕಿಗೆ ಕುಕ್ಕರಗಾಲಲ್ಲಿ ಕೂರಲು ಆಗದಾಗ ಅಂಜನಮೂರ್ತಿ ಅಲ್ಲಿ ಕಮೋಡು ಹಾಕಿಸಿದ. ಒಳ್ಳೆಯ ಕೆಲಸವೇ. ಆದರೆ ಅದರ ಮೇಲೆ ಕೂರುವುದು ಅವಳಿಂದ ಆಗುತ್ತಿತ್ತು, ಏಳುವುದು ಆಗುತ್ತಿರಲಿಲ್ಲ. ದಿನಕ್ಕೆ ಎಷ್ಟು ಸಲ ಹೋದರೂ ಅಷ್ಟು ಸಲ "ರತ್ನಾ" ಎಂದು ಕೂಗಬೇಕು. ರತ್ನ ಬಂದು ಕಂಕುಳಲ್ಲಿ ಕೈ ಹಾಕಿ ಎತ್ತಬೇಕು. ಬಚ್ಚಲಿಗೂ ನನ್ನ ಅಡುಗೆಮನೆಗೂ ಒಂದೇ ಗೋಡೆ, ಅದೂ ತೆಳ್ಳನೆಯದು. ಹಾಗಾಗಿ ಆ ಕೂಗೂ, ಅದಕ್ಕೆ ಬರುವ "ಬಂದೆ ಇರಿ ಅತ್ತೆ, ಒಲೆ ಮೇಲೆ ಹಾಲಿದೆ" ಎಂಬ ಉತ್ತರವೂ ನನಗೆ ಬಾಯಿಪಾಠವಾಗಿತ್ತು. ಆ ಹಾಲು ಉಕ್ಕುತ್ತಿತ್ತೋ ಇಲ್ಲವೋ, ಮುದುಕಿ ಮಾತ್ರ ಕಾಯುತ್ತಿದ್ದಳು.

ಎರಡು ಸಾವಿರದ ಒಂದರ ಒಂದು ಭಾನುವಾರ ಕಾಯುವುದು ಮಿತಿ ಮೀರಿತು. ಮುನಿರತ್ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನ ಜೊತೆ ಚೌಕಾಸಿಗೆ ನಿಂತಿದ್ದಳು. ಮುದುಕಿ ಕೂಗಿದಳು. ತಲೆಯ ಮೇಲೆ ವಿಮಾನ ಹೋಯಿತು, ಕೂಗು ಮುಳುಗಿತು. ಮತ್ತೆ ಕೂಗಿದಳು. ಆಮೇಲೆ ಬೈದಳು. ಸೊಸೆಯನ್ನು, ಸೊಸೆಯ ತವರನ್ನು, ತವರಿನ ಎಮ್ಮೆಯನ್ನು ಎಲ್ಲ ಬೈದಳು. ಆಮೇಲೆ ಬೈಗುಳವೂ ನಿಂತಿತು. ಅದು ನಿಂತದ್ದಕ್ಕೆ ನನಗೆ ಗಾಬರಿಯಾಗಿ ಸಾರಿನ ಸೌಟು ಕೈಯಲ್ಲೇ ಹಿಡಿದು ಓಡಿದೆ.

ಮುದುಕಿ ಸೀರೆ ಮುದುಡಿ ಮಡಿಲಲ್ಲಿ ಒತ್ತಿಕೊಂಡು ಕೂತಿದ್ದಳು. ನಾನು ಸೌಟು ಪಕ್ಕಕ್ಕಿಟ್ಟು ಎತ್ತಲು ನೋಡಿದೆ. ಅಲುಗಲಿಲ್ಲ. "ಬಿಡು, ಒಣಗಿದ ಕಡ್ಡಿ ನೀನು, ನಿನ್ ಕೈಲಿ ಏನಾಗ್ತದೆ" ಎಂದಳು. ಸಹಾಯಕ್ಕೆ ಹೋದವಳಿಗೆ ಸಿಕ್ಕ ಮರ್ಯಾದೆ ಇದು. ಅಷ್ಟರಲ್ಲಿ ಮುನಿರತ್ನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಸರವೇ ಇಲ್ಲ. ಒಂದು ಕಾಲು ಹಿಂದಿಟ್ಟು ಒಂದೇ ಎಳೆತಕ್ಕೆ ಅತ್ತೆಯನ್ನು ಎತ್ತಿ ನಿಲ್ಲಿಸಿ, ನನ್ನ ಕಡೆ ನೋಡಿ ನಕ್ಕು, "ಎಮ್ಮೆ ಎತ್ತೋದೇ ವಾಸಿ ಟೀಚರಮ್ಮ, ಅದು ಹಾಲಾದ್ರೂ ಕೊಡುತ್ತೆ" ಎಂದಳು.

ಮಾತಿಗೆ ಮಾತು ಕೊಡದ ಚಿಕ್ಕಮುನಿಯಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ಅಂದು ಸಂಜೆ ಜಗಲಿಯಲ್ಲಿ ನನ್ನನ್ನು ಕರೆದು ಹೇಳಿದಳು: "ನೋಡಮ್ಮ ಟೀಚರಮ್ಮ, ನಂಗೆ ಇನ್ನೇನೂ ಬೇಡ. ಅವಳ ಕೈ ಹಿಡೀದೆ ನಾನೇ ಎದ್ದೇಳ್ಬೇಕು. ಅಷ್ಟು ಆಗ್ಬಿಟ್ರೆ ಮಾರ್ನೇ ದಿನ ಸತ್ರೂ ಚಿಂತೆಯಿಲ್ಲ." ನನ್ನನ್ನು ಕಡ್ಡಿ ಎಂದವಳ ಮೇಲೆ ನನಗೆ ಇನ್ನೂ ಸಿಟ್ಟಿತ್ತು. ಆದರೂ ಎದ್ದು ಹೋಗಲಿಲ್ಲ.

ಮಾರನೆಯ ವಾರ ಮಗನ ಬೆನ್ನು ಹತ್ತಿ ಇಂದಿರಾನಗರದ ಮೂಳೆ ಡಾಕ್ಟರ ಹತ್ತಿರ ಹೋಗಿ ಬಂದಳು. ಬಂದವಳು ಜಗಲಿಯಲ್ಲಿ ಕೂತು ಬೀದಿಗೆಲ್ಲ ವರದಿ ಒಪ್ಪಿಸಿದಳು. ಮಂಡಿ ಪೂರ್ತಿ ಸವೆದಿದೆಯಂತೆ. ಈ ತೂಕ, ಈ ಶುಗರ್ ಇಟ್ಟುಕೊಂಡು ಆಪರೇಷನ್ ಮಾಡಲು ಡಾಕ್ಟರು ಒಪ್ಪಲಿಲ್ಲವಂತೆ. ಮೊದಲು ತೂಕ ಇಳಿಸಬೇಕು, ಇಳಿದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ, ಏಳಲು ಕೂರಲು ಸಲೀಸಾಗುತ್ತದೆ. ನಡೆಯಲಾಗದವಳು ಹೇಗೆ ಇಳಿಸಲಿ ಎಂದು ಇವಳು ಜೋರು ಮಾಡಿದ್ದಕ್ಕೆ, ಊಟ ಕಡಿಮೆ ಮಾಡಿ, ರಾತ್ರಿ ಊಟವನ್ನಂತೂ ತೀರಾ ಕಡಿಮೆ ಮಾಡಿ ಎಂದರಂತೆ. "ಕಮ್ಮಿ ಯಾಕೆ, ಬಿಟ್ಟೇ ಬಿಡ್ತೀನಿ ಅಂತ ಹೇಳ್ಬಂದೆ" ಎಂದು ಮುದುಕಿ ಎದೆ ತಟ್ಟಿಕೊಂಡಳು.

ಬಿಟ್ಟಳು. ಅಂದಿನಿಂದ ರಾತ್ರಿ ಅವಳ ತಟ್ಟೆಗೆ ಮುದ್ದೆ ಬೀಳಲಿಲ್ಲ, ಅನ್ನ ಬೀಳಲಿಲ್ಲ. ಬೀದಿಯ ಹೆಂಗಸರೆಲ್ಲ ಅಜ್ಜಿಯ ಛಲ ನೋಡು ಎಂದರು. ಎರಡು ತಿಂಗಳ ನಂತರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕಾದಾಗ ಅಂಜನಮೂರ್ತಿ ನನ್ನ ಬಾಗಿಲಿಗೆ ಬಂದು, "ಟೀಚರಮ್ಮ, ಅಂಗಡಿಲಿ ಲೋಡ್ ಇಳೀತದೆ ಇವತ್ತು, ಅಮ್ಮನ್ನ ನೀವೇ ಸ್ವಲ್ಪ ಆಟೋದಲ್ಲಿ ಕರ್ಕೊಂಡೋಗಿ ಬನ್ನಿ" ಎಂದ. ಮೋಟಾರು ನಿಲ್ಲಿಸದ ಹಾಗೆ ಅಮ್ಮನಿಗೆ ಹೇಳುತ್ತೀರಾ ಎಂದೆ. ಹೇಳುತ್ತೇನೆ ಎಂದ. ಆ ಒಂದು ಆಸೆಗೆ ಹೋದೆ.

ಮುದುಕಿ ಕ್ಲಿನಿಕ್ಕಿನ ತೂಕದ ಯಂತ್ರದ ಮೇಲೆ ವಾಕರ್ ಬಿಟ್ಟು ಗೋಡೆ ಹಿಡಿದು ನಿಂತಳು. ತೂಕ ಇಳಿದಿರಲಿಲ್ಲ. ಏರಿತ್ತು. ಡಾಕ್ಟರು ನಮ್ಮ ಶಾಲೆಯ ಹೊಸ ಟೀಚರುಗಳ ವಯಸ್ಸಿನ ಹೆಂಗಸು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಜ್ಜಿ, ರಾತ್ರಿ ಊಟ ಕಮ್ಮಿ ಮಾಡಿ ಅಂದಿದ್ನಲ್ಲ?"

"ಬಿಟ್ಟೇ ಬಿಟ್ಟೆ ಕಣವ್ವ. ಬೇಕಾದ್ರೆ ಈ ಒಣಕಲನ್ನ ಕೇಳು, ಪಕ್ಕದ್ಮನೇಲೇ ಅವ್ಳೆ."

"ಬೆಳಿಗ್ಗೆ?"

"ಬೆಳಿಗ್ಗೆ ಯಾರು ಊಟ ಮಾಡ್ತಾರೆ? ಊಟ ಮಧ್ಯಾಹ್ನ ಒಂದೇ ಹೊತ್ತು."

ಡಾಕ್ಟರು ಥೈರಾಯ್ಡ್ ಟೆಸ್ಟಿಗೆ ಬರೆಯಲು ಪೆನ್ನು ತೆಗೆದರು. ನನಗೆ ತಡೆಯಲಾಗಲಿಲ್ಲ. ಒಂದೇ ಗೋಡೆಯ ಆಚೆ ಬದುಕುವವಳು ನಾನು, ದಿನಾ ರಾತ್ರಿ ಕಾವಲಿಯ ಮೇಲೆ ಚುಯ್ ಎನ್ನುವುದು ನನಗೆ ಕೇಳಿಸುವುದಿಲ್ಲವೇ? "ರಾತ್ರಿ ಊಟ ಬಿಟ್ಟು ಏನು ತಿಂತೀರಿ, ಅದನ್ನ ಹೇಳಿ ಅಜ್ಜಿ" ಎಂದೆ.

"ತಿಂಡಿ ತಿಂತೀನಿ. ಒಪ್ಪತ್ತಿನ ದಿನ ತಿನ್ನಲ್ವಾ, ಹಂಗೆ."

"ತಿಂಡಿ ಅಂದ್ರೆ?" ಡಾಕ್ಟರು ಕೇಳಿದರು.

"ದೋಸೆ. ಇಲ್ಲಾಂದ್ರೆ ಉಪ್ಪಿಟ್ಟು. ಮೇಲೊಂದೆರಡು ಬಾಳೆಹಣ್ಣು. ಊಟ ಇಲ್ವಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ತಿಂತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದೂ ಊಟಾನೇ ಅಲ್ವಾ ಅಜ್ಜಿ!"

"ತಿಂಡಿ ಹೆಂಗವ್ವ ಊಟ ಆಗ್ತದೆ?" ಮುದುಕಿಗೆ ನಿಜವಾಗಿ ಸಿಟ್ಟು ಬಂತು. "ಮುದ್ದೆ ಇಲ್ಲ, ಅನ್ನ ಇಲ್ಲ, ಅದನ್ನ ಊಟ ಅಂತಾರಾ? ನಿಮ್ಮಮ್ಮ ನಿಂಗೆ ಊಟ ಅಂದ್ರೇನು, ತಿಂಡಿ ಅಂದ್ರೇನು ಹೇಳ್ಕೊಟ್ಟಿಲ್ವಾ?"

ಇದನ್ನು ಕೇಳಿ ನಗುವವರು ನಗಲಿ. ನಮ್ಮಲ್ಲಿ ಯಾರ ಮನೆಯಲ್ಲಿ ಇದು ನಡೆದಿಲ್ಲ? ಮಟಮಟ ಮಧ್ಯಾಹ್ನ ನಾಲ್ಕು ಪೂರಿ ಹೊಡೆದು "ಇವತ್ತು ಊಟಾನೇ ಮಾಡಿಲ್ಲ" ಎಂದು ನಿಟ್ಟುಸಿರು ಬಿಡುವವರನ್ನು ನಾನು ಸ್ಟಾಫ್ ರೂಮಿನಲ್ಲೇ ನೋಡಿದ್ದೇನೆ. ಶನಿವಾರದ ಒಪ್ಪತ್ತು ಮಾಡುವವರ ತಟ್ಟೆ ನೋಡಿದರೆ ಉಳಿದ ದಿನವೇ ಉಪವಾಸ ಎನ್ನಿಸುತ್ತದೆ. ಪಾಪ, ಆ ಡಾಕ್ಟರು ಊಟ ಎಂದರು, ಮುದುಕಿ ಊಟವನ್ನೇ ಬಿಟ್ಟಳು. ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿ ಮೈ ಬೆಳೆಸಿಕೊಂಡಿದ್ದಳು.

ಡಾಕ್ಟರು ಮೊದಲಿಂದ ಹೇಳಿದರು. ಬಾಯೊಳಗೆ ಹೋಗುವುದೆಲ್ಲ ಊಟವೇ. ಕಾಫಿಗೆ ಹಾಕುವ ಸಕ್ಕರೆಯೂ ಊಟ. ಮುದ್ದೆ ತಿನ್ನಿ, ಆದರೆ ಅರ್ಧ, ಸೊಪ್ಪು ಕಾಳಿನ ಸಾರು ಜಾಸ್ತಿ. ನಡೆಯಲಾಗದಿದ್ದರೆ ಬೇಡ, ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೇರ ಚಾಚಿ ಹಿಡಿದು ಇಳಿಸಬೇಕು. ಕುರ್ಚಿಯ ಕೈ ಒತ್ತಿ ಸೊಂಟ ಎತ್ತಿ ಕೂರಬೇಕು. ನೋವಾದರೆ ನಿಲ್ಲಿಸಬೇಕು, ಶುಗರ್ ಮಾತ್ರೆ ತಪ್ಪಿಸಬಾರದು, ತಲೆ ಸುತ್ತಿದರೆ ಬಂದು ತೋರಿಸಬೇಕು. ಆಟೋದಲ್ಲಿ ವಾಪಸು ಬರುವಾಗ ಮುದುಕಿ ದೊಮ್ಮಲೂರು ಮುಟ್ಟುವ ತನಕ ಆ ಡಾಕ್ಟರನ್ನು ಬೈದಳು. ಆದರೆ ಆ ರಾತ್ರಿ ಗೋಡೆಯಾಚೆ ಕಾವಲಿಯ ಸದ್ದು ಬರಲಿಲ್ಲ.

ಹಸಿವು ಎಂಥವರನ್ನೂ ಕೆಡಿಸುತ್ತದೆ. ಮೊದಲೇ ಕೆಟ್ಟವಳನ್ನು ಏನು ಮಾಡುತ್ತದೆ ಎಂದು ನಾನು ಆ ತಿಂಗಳುಗಳಲ್ಲಿ ನೋಡಿದೆ. ಹಾಲಿನವನನ್ನು ಅಳಿಸಿದಳು. ಕೇಬಲ್ಲಿನವನು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟ. ನನ್ನ ಮೋಟಾರಿನ ಕಥೆಯಂತೂ ಹೇಳುವುದೇ ಬೇಡ, ಅಂಜನಮೂರ್ತಿಯ ಮಾತು ನೀರಿನಲ್ಲಿ ಮಾಡಿದ ಹೋಮ. ವ್ಯಾಯಾಮವನ್ನೂ ಅವಳು ಬೈಯುತ್ತಲೇ ಮಾಡುತ್ತಿದ್ದಳು. ಬೆಳಿಗ್ಗೆ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಒಂದೊಂದು ಸಲ ಕಾಲು ಎತ್ತುವಾಗಲೂ ಒಬ್ಬೊಬ್ಬರ ಹೆಸರು. "ಆ ಹೊಲ ಮಾರ್ಸಿದ ಬ್ರೋಕರ್ ಮನೆ ಎಕ್ಕುಟ್ಟೋಗ!" ಎಂದು ಬಲಗಾಲು ಎತ್ತುವಳು, ಆ ಶಾಪ ಮುಗಿಯುವ ತನಕ ಹಿಡಿದಿರುವಳು, ಇಳಿಸುವಳು. "ರೋಡ್ ಅಗೆದೋರ ಬಾಯಿಗೆ ಮಣ್ಣು ಬೀಳ!" ಎಂದು ಎಡಗಾಲು. ಕುರ್ಚಿಯ ಕೈ ಒತ್ತಿ ಸೊಂಟ ಎತ್ತುವುದು ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೆ ಮಾತ್ರ ಸೊಸೆಯ ಹೆಸರು ಮೀಸಲು. ನಾನು ಶಾಲೆಗೆ ಹೊರಡುವಾಗ ಒಂದು ಕಾಲು ನನ್ನ ಪಾಲಿಗೂ ಎದ್ದದ್ದುಂಟು.

ಈ ನಡುವೆ ಮುನಿರತ್ನಮ್ಮನಿಗೆ ಭಯ ಶುರುವಾಯಿತು. ಅತ್ತೆಯ ಕುಪ್ಪಸ ಸಡಿಲವಾಗಿತ್ತು, ಬಳೆ ಮೊಣಕೈ ತನಕ ಜಾರುತ್ತಿತ್ತು. ನಮ್ಮ ಬೀದಿಯಲ್ಲಿ ಮುದುಕರು ದಪ್ಪಗಿದ್ದರೆ ಸೊಸೆ ಒಳ್ಳೆಯವಳು, ಸಣ್ಣಗಾದರೆ ಸೊಸೆ ಅನ್ನ ಹಾಕುವುದಿಲ್ಲ. ಡಾಕ್ಟರು ಹೇಳಿದ್ದು, ಶುಗರ್, ಮಂಡಿ ಎನ್ನುವುದೆಲ್ಲ ಆಮೇಲಿನ ಮಾತು. ನಲ್ಲಿಯ ಹತ್ತಿರ ಯಾರೋ "ಏನ್ ರತ್ನಮ್ಮ, ಅತ್ತೆ ಅರ್ಧ ಆಗೋದ್ರಲ್ಲ" ಎಂದು ನಕ್ಕರಂತೆ. ಅವತ್ತಿಂದ ಅವಳು ಹಿತಕಿದಬೇಳೆ ಸಾರು ಮಾಡಿದಳು, ಒಬ್ಬಟ್ಟು ಮಾಡಿದಳು, ತಟ್ಟೆ ಹಿಡಿದು ಅತ್ತೆಯ ಮುಂದೆ ನಿಂತಳು.

"ತಿನ್ನಿ ಅತ್ತೆ. ಊರೋರು ನನ್ನ ಆಡ್ಕೋತಾವ್ರೆ."

"ಆಡ್ಕೊಳ್ಳಿ."

"ನಿಮ್ಮ ಕಾಲ್ಗೆ ಬೀಳ್ತೀನಿ, ಒಂದೊಬ್ಬಟ್ಟು ತಿನ್ನಿ."

"ಕಾಲ್ ಬಿಡು, ಎತ್ಬೇಕು ಅದನ್ನ" ಎಂದು ಮುದುಕಿ ಕಾಲು ಎತ್ತಿದಳು.

ಒಂದು ಕಾಲದಲ್ಲಿ ಈ ಅತ್ತೆ ಬೀಗ ಹಾಕಿ ಸೊಸೆಯ ಹೊಟ್ಟೆ ಒಣಗಿಸಿದ್ದಳು. ಈಗ ಸೊಸೆ ಬೀಗ ತೆಗೆದು ನಿಂತರೂ ಅತ್ತೆ ತಿನ್ನುವುದಿಲ್ಲ. ಮುನಿರತ್ನಮ್ಮ ಒಬ್ಬಟ್ಟಿನ ತಟ್ಟೆಯನ್ನು ನನ್ನ ಮನೆಗೆ ತಂದು ಕುಕ್ಕಿ, "ನೀವಾದ್ರೂ ತಿನ್ನಿ ಟೀಚರಮ್ಮ, ಸಾಯ್ಲಿ ಮುದುಕಿ" ಎಂದು ಅತ್ತಳು. ಒಬ್ಬಟ್ಟು ಚೆನ್ನಾಗಿತ್ತು.

ಮಗನಿಗೆ ಹೇಳಿ ಮುದುಕಿ ಕಮೋಡಿನ ಪಕ್ಕದ ಗೋಡೆಗೆ ಕಬ್ಬಿಣದ ಪೈಪು ಹಾಕಿಸಿಕೊಂಡಳು. ಅದು ನನ್ನ ಅಡುಗೆಮನೆಯ ಗೋಡೆ. ಅವಳು ಅಲ್ಲಿ ಪೈಪು ಹಿಡಿದು ತಿಣುಕಿದರೆ ಇಲ್ಲಿ ನನ್ನ ಡಬ್ಬಗಳು ನಡುಗುತ್ತಿದ್ದವು. ತಿಂಗಳುಗಟ್ಟಲೆ ನಡುಗಿದವು. ಏಳುವಳು, ಅರ್ಧಕ್ಕೆ ಕುಸಿಯುವಳು, ಕೊನೆಗೆ ಹಲ್ಲು ಕಚ್ಚಿ "ರತ್ನಾ" ಎನ್ನುವಳು. ಆ ಕೂಗು ಕೇಳಿದಾಗೆಲ್ಲ ನನಗೇ ಸೋತಂತೆ ಆಗುತ್ತಿತ್ತು, ಯಾಕೋ ಗೊತ್ತಿಲ್ಲ. ಬೇಸಿಗೆ ರಜೆಯ ಒಂದು ಬೆಳಿಗ್ಗೆ ಡಬ್ಬಗಳು ಜೋರಾಗಿ ನಡುಗಿ ಸುಮ್ಮನಾದವು. ಉಪ್ಪಿನ ಡಬ್ಬ ಬಿದ್ದೇ ಹೋಯಿತು. ಕೂಗು ಬರಲಿಲ್ಲ. ಹೊರಗೆ ಬಂದು ನೋಡಿದರೆ ಮುದುಕಿ ವಾಕರ್ ಹಿಡಿದು ಬಚ್ಚಲ ಬಾಗಿಲಲ್ಲಿ ಬೆವತು ನಿಂತಿದ್ದಾಳೆ, ಎದುರಿಗೆ ಮುನಿರತ್ನಮ್ಮ ಹಿಟ್ಟಿನ ಕೈಯಲ್ಲಿ ನಿಂತಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮುನಿರತ್ನಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಎತ್ತಿ ಕುಕ್ಕತೊಡಗಿದಳು. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಆ ಮುದುಕಿಗಾಗಿ ನನಗೆ ಖುಷಿಯಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಹಬ್ಬದಲ್ಲಿ ಇದೆಲ್ಲ ಕೆಡುವುದರಲ್ಲಿತ್ತು. ಆ ವರ್ಷದ ಪಿತೃಪಕ್ಷಕ್ಕೆ ನೆಂಟರೆಲ್ಲ ಸೇರಿದರು. ಹಿರಿಯರಿಗೆ ಎಡೆ ಇಟ್ಟು, ಮಾಂಸದ ಸಾರು, ಮುದ್ದೆ ಮಾಡಿ, ಮನೆಯ ಮುಂದೆ ಚಪ್ಪರದಲ್ಲಿ ಎಲೆ ಹಾಕಿದ್ದರು. ಬಾಡಿಗೆಯವಳಾದ ನನ್ನನ್ನೂ ಕರೆದಿದ್ದರು. ಮುದುಕಿಯ ತಮ್ಮ ಮುನಿರಾಜಪ್ಪ ರಾಮಮೂರ್ತಿ ನಗರದಿಂದ ಜೀಪಿನಲ್ಲಿ ಬಂದಿಳಿದ. ಹಿಂದಿನ ಪಕ್ಷದ ನಂತರ ಅವನು ಅಕ್ಕನನ್ನು ನೋಡಿರಲಿಲ್ಲ.

"ಏನಕ್ಕಾ ಇದು! ಬಂಡೆ ಇದ್ದಂಗಿದ್ದೆ. ಈಗ ಗಾಳಿಗೆ ಹಾರೋ ಹಂಗಾಗಿದೀಯ!"

ಹಾರುವಷ್ಟೇನೂ ಆಗಿರಲಿಲ್ಲ. ಆದರೆ ಎಲೆಯ ಮುಂದೆ ಕುರ್ಚಿಯಲ್ಲಿ ಕೂತ ಅವಳು ಅರ್ಧ ಮುದ್ದೆ ಸಾಕು ಎಂದು ಕೈ ಅಡ್ಡ ಹಿಡಿದಾಗ ಮುನಿರಾಜಪ್ಪನ ಮುಖವೇ ಬದಲಾಯಿತು. ತನ್ನ ಹೆಂಡತಿಯನ್ನು ನೋಡಿದ. ಅವಳು ತಲೆ ಆಡಿಸಿ ಆ ಮಾತು ಆಡಿಯೇಬಿಟ್ಟಳು: "ಇದು ಮದ್ದೇ ಕಣ್ರೀ."

ನಮ್ಮ ಕಡೆ ಮದ್ದು ಎಂದರೆ ಎರಡು. ಡಾಕ್ಟರು ಕೊಡುವುದು ಒಂದು, ಆಗದವರು ಅನ್ನದಲ್ಲಿ ಕಲೆಸಿ ಇಕ್ಕುವುದು ಇನ್ನೊಂದು. ಎರಡನೆಯದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ, ಹಸಿವು ಸಾಯುತ್ತದೆ, ಮೈ ಇಳಿಯುತ್ತದೆ ಎಂದು ನಂಬಿಕೆ. ಮದ್ದಿಕ್ಕಿದವಳು ಎಂಬ ಹೆಸರು ಒಬ್ಬ ಹೆಂಗಸಿಗೆ ಅಂಟಿದರೆ ಮುಗಿಯಿತು, ಅವಳ ಕೈಯ ನೀರನ್ನೂ ಯಾರೂ ಮುಟ್ಟುವುದಿಲ್ಲ. ಚಪ್ಪರದಲ್ಲಿ ಉಣ್ಣುತ್ತಿದ್ದವರ ಕೈ ಎಲೆಯ ಮೇಲೇ ನಿಂತಿತು. ಸೌಟು ಹಿಡಿದಿದ್ದ ಮುನಿರತ್ನಮ್ಮ ಬಿಳಿಚಿಕೊಂಡಳು. ಅಂಜನಮೂರ್ತಿ ಯಥಾಪ್ರಕಾರ ಚಪ್ಪರದ ಕಂಬ ನೋಡುತ್ತಿದ್ದ. ನಾನು "ಡಾಕ್ಟರು ಹೇಳಿ..." ಎಂದು ಬಾಯಿ ತೆರೆದೆ. "ನೀವು ಬಾಡಿಗೆಯೋರು, ಸುಮ್ನಿರಿ" ಎಂದ ಮುನಿರಾಜಪ್ಪ. ಅವನ ತಲೆಯ ಮೇಲೆ ಸಾರು ಸುರಿಯಬೇಕು ಅನ್ನಿಸಿತು ನನಗೆ.

"ನಡಿ ಅಕ್ಕ, ಈಗ್ಲೇ ಹೊರಡು. ಮದ್ದು ತೆಗೆಯೋರು ನಮಗೆ ಗೊತ್ತವ್ರೆ, ವಾಂತಿ ಮಾಡಿಸಿ ತೆಗೀತಾರೆ. ಆಮೇಲೆ ನಮ್ಮನೇಲೇ ಇರು. ದಿನಾ ಮೂಳೆ ಸಾರು ಮಾಡಿ ಮೊದ್ಲಿನ ಹಂಗೆ ಮಾಡ್ತೀನಿ ನಿನ್ನ. ಎತ್ತಾಕೆ ಕೂರ್ಸಾಕೆ ಇಬ್ರು ಹೆಣ್ಣಾಳು ಇಡ್ತೀನಿ."

ಮುದುಕಿ ಅಲ್ಲಿಯ ತನಕ ಸುಮ್ಮನಿದ್ದಳು. ನಿಜ ಹೇಳಬೇಕೆಂದರೆ ಸುಖಪಡುತ್ತಿದ್ದಳು. ಸೊಸೆಯನ್ನು ಹತ್ತು ಜನರ ಎದುರು ನಿಲ್ಲಿಸಿ ಕೇಳುತ್ತಿರುವುದು ಅವಳಿಗೆ ಒಬ್ಬಟ್ಟಿಗಿಂತ ರುಚಿಯಾಗಿತ್ತು, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಆದರೆ ಎತ್ತಲು ಹೆಣ್ಣಾಳು ಎಂದದ್ದೇ ತಡ, ಆ ಮುಖ ಗಂಟಿಕ್ಕಿತು. ಒಂದು ವರ್ಷದ ಹಸಿವು ಒಂದು ತಿಂಗಳ ಮೂಳೆ ಸಾರಿನಲ್ಲಿ ಹೋಗುತ್ತದೆ ಎಂದು ಅವಳಿಗೆ ಅರ್ಥವಾಯಿತು. ಎಲೆ ತಳ್ಳಿ ವಾಕರ್ ಎಳೆದುಕೊಂಡಳು. ಮುನಿರತ್ನಮ್ಮ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದೆ ಬಂದಳು. "ಮುಟ್ಬೇಡ ನೀನು!" ಎಂದು ಮುನಿರಾಜಪ್ಪನ ಹೆಂಡತಿ ಕಿರುಚಿದಳು.

"ಯಾರೂ ಮುಟ್ಬೇಡಿ" ಎಂದಳು ಮುದುಕಿ. ಕುರ್ಚಿಯ ಕೈ ಒತ್ತಿದಳು. ತುಟಿ ಅಲುಗಿತು, ಯಾರ ಹೆಸರೋ ಗೊತ್ತಿಲ್ಲ. ಎದ್ದು ನಿಂತಳು. "ನೋಡ್ಕೊಳ್ಳೋ ಮುನಿರಾಜ. ಇವ್ಳು ಮದ್ದಾಕಿಲ್ಲ. ಮದ್ದಾಕೋ ಅಷ್ಟು ಬುದ್ಧಿ ಇವ್ಳಿಗಿಲ್ಲ. ಇವ್ಳ ಕೈಲಿ ಎತ್ತಿಸ್ಕೋಬಾರ್ದು ಅಂತ ನಾನೇ ಹೊಟ್ಟೆ ಕಟ್ದೆ. ನಿನ್ ಆಳುಗಳ ಕೈಲಿ ಎತ್ತಿಸ್ಕೊಳಾಕಲ್ಲ ನಾನು ಒಂದೊರ್ಷ ಉಪವಾಸ ಬಿದ್ದಿದ್ದು."

ಮುನಿರತ್ನಮ್ಮನ ಮೇಲಿದ್ದ ಕಳಂಕ ಹೋಯಿತು. ಹೋಗುವಾಗ ಚರ್ಮ ಸುಲಿದುಕೊಂಡು ಹೋಯಿತು. ಅವಳು ಸೌಟನ್ನು ಸಾರಿನ ಪಾತ್ರೆಗೆ ಬಿಟ್ಟಳು.

"ಆರು ವರ್ಷ ಎತ್ತಿದೀನಿ ಅತ್ತೆ ನಿಮ್ಮನ್ನ. ಹೆತ್ತ ಮಗ ಒಂದಿನ ಎತ್ತಿಲ್ಲ. ಅಷ್ಟು ಅಸಯ್ಯನಾ ನನ್ನ ಕೈ?"

"ಎತ್ತೋಕ್ ಮುಂಚೆ ಕಾಯ್ಸ್ದೆಯಲ್ಲೇ. ದಿನಾ ಕಾಯ್ಸ್ದೆ."

"ಕಾಯ್ಸ್ದೆ" ಎಂದಳು ಮುನಿರತ್ನಮ್ಮ. "ಬೇಕೂಂತಲೇ ಕಾಯ್ಸ್ದೆ. ತುಂಬಿದ ಬಸುರೀನ ಅನ್ನಕ್ಕೆ ಕಾಯ್ಸಿದ್ರಲ್ಲ ನೀವು, ಆಗ ಕಲ್ತಿದ್ದು."

ಮುದುಕಿ ವಾಕರ್ ತಳ್ಳಿಕೊಂಡು ಒಳಗೆ ಹೋದಳು. ಮುನಿರಾಜಪ್ಪ ಕೈ ತೊಳೆದು ಜೀಪು ಹತ್ತಿದ. ಉಳಿದವರು ತಣ್ಣಗಾದ ಮುದ್ದೆ ನುಂಗಿ ಎದ್ದರು.

ಆಮೇಲೆ ಆ ಮನೆಯಲ್ಲಿ ಅತ್ತೆ ಸೊಸೆ ಮಾತು ನಿಂತಿತು. ಬೈಗುಳವೂ ಇಲ್ಲ. ಅರ್ಧ ಮುದ್ದೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ತಟ್ಟೆ ತೊಳೆಯಲು ಹೋಗುತ್ತಿತ್ತು. ಮುದುಕಿ ಮಾತ್ರ ದಿನಾ ಬೆಳಿಗ್ಗೆ ಬಚ್ಚಲಿನಲ್ಲಿ ಪೈಪು ಹಿಡಿದು ಎದ್ದು ನಿಂತ ಕೂಡಲೇ ಅವರ ಅಡುಗೆಮನೆಗೆ ಕೇಳುವಂತೆ ಒಂದು ಮಾತು ಕೂಗುತ್ತಿದ್ದಳು: "ಎದ್ದೆ ಕಣೇ!" ಸೊಸೆಯನ್ನು ಚುಚ್ಚಲೆಂದೇ ಕೂಗುವುದು. ಸೊಸೆ ಉತ್ತರ ಕೊಡುತ್ತಿರಲಿಲ್ಲ. ಹೀಗೆ ಚಳಿಗಾಲ ಕಳೆಯಿತು.

ಒಂದು ಬೆಳಿಗ್ಗೆ ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಕೂಗು ಬರಲಿಲ್ಲ. ನನ್ನ ಡಬ್ಬಗಳೂ ನಡುಗಲಿಲ್ಲ. ನಾನು ಚಮಚ ಕೆಳಗಿಡುವಷ್ಟರಲ್ಲಿ ಅಂಗಳದಲ್ಲಿ ಓಡುವ ಸದ್ದು, ಬಚ್ಚಲ ಬಾಗಿಲು ದಬದಬ ಬಡಿಯುವ ಸದ್ದು ಕೇಳಿಸಿತು.

"ಅತ್ತೆ! ಅತ್ತೆ! ಬಾಗ್ಲು ತೆಗೀರಿ!" ಮುನಿರತ್ನಮ್ಮ ಕಿರುಚುತ್ತಿದ್ದಳು. "ಅತ್ತೆ!"

"ಏನೇ ಅದು?" ಒಳಗಿನಿಂದ ಮುದುಕಿಯ ದನಿ. "ಗಂಟಲು ಕಟ್ಟಿದೆ, ಕೂಗಾಕಾಗಲ್ಲ. ಮೆಲ್ಲಗೆ ಏಳ್ತಾ ಇವ್ನಿ."

ಮುನಿರತ್ನಮ್ಮ ಬಾಗಿಲಿಗೆ ಒಮ್ಮೆ ಜೋರಾಗಿ ಗುದ್ದಿದಳು.

"ನೀವು ಇಲ್ಲೇ ಸತ್ರೆ ನಾನೇ ಮದ್ದಾಕ್ದೆ ಅಂತಾರೆ ನಿಮ್ಮೋರು. ಗಂಟಲು ಕಟ್ಟಿದ್ರೆ ಪೈಪಾದ್ರೂ ಬಡೀರಿ. ದಿನಾ ಕೇಳಿಸ್ಬೇಕು ನಂಗೆ!"

ಮಾರನೆಯ ಬೆಳಿಗ್ಗೆ ನನ್ನ ಗೋಡೆಯ ಮೇಲೆ ಕಬ್ಬಿಣದ ಪೈಪನ್ನು ಯಾರೋ ಲೋಟದಿಂದ ಟಣಟಣ ಬಡಿದರು. ಅಡುಗೆಮನೆಯಿಂದ ಮುನಿರತ್ನಮ್ಮ ಕೂಗಿದಳು: "ಕೇಳಿಸ್ತು. ಹೊರಗೆ ಬನ್ನಿ, ಮುದ್ದೆ ಆರೋಗುತ್ತೆ."